ದಿನಕ್ಕೊಂದು ಗಂಟೆ ನಡೆದು ಮಂಡಿ ಊದಿಸಿಕೊಂಡ ಪ್ರಕರಣ

ವಯಸ್ಸು 54, ಎತ್ತರ 158 ಸೆಂ.ಮೀ., ತೂಕ 88 ಕೆ.ಜಿ., ಹೊಟ್ಟೆಯ ಸುತ್ತಳತೆ 108 ಸೆಂ.ಮೀ. ಬಿಎಂಐ 35 ದಾಟಿದೆ. ಕೂತು ಮಾಡುವ ಲೆಕ್ಕಪತ್ರದ ಕೆಲಸ. ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಬಲ ಮಂಡಿಯ ಒಳಬದಿ ನೋಯಲು ಶುರುವಾಗಿ ಮೂರು ವರ್ಷ. ಸೊಂಟ ನೋವು ಅದಕ್ಕೂ ಹಳೆಯದು. "ತೂಕ ಇಳಿಸಿ, ದಿನಾ ಒಂದು ಗಂಟೆ ನಡೀರಿ" ಎಂಬ ಸಲಹೆ ಸಿಕ್ಕಿತ್ತು. ಈ ಮಹಿಳೆ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಮೂರನೇ ವಾರಕ್ಕೆ ಬಲ ಮಂಡಿ ಊದಿ, ಚಿಪ್ಪಿನ ಎರಡೂ ಪಕ್ಕದ ಗುಳಿ ಮುಚ್ಚಿಹೋಯಿತು. ಇಳಿದ ತೂಕ 600 ಗ್ರಾಂ. ನಡಿಗೆ ನಿಂತಿತು, ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ತೂಕ ಮರಳಿ ಬಂತು.

ಇದು ಒಬ್ಬರದೇ ಕಡತವಲ್ಲ. ಇಂಥ ಹಲವರಲ್ಲಿ ಮತ್ತೆಮತ್ತೆ ಕಾಣುವುದನ್ನು ಒಬ್ಬರ ಮೈಮೇಲೆ ಕೂರಿಸಿ ಬರೆದದ್ದು. ಹಾಗಾಗಿ ಆಕೆಯ ತೂಕ, ವಾರಗಳ ಲೆಕ್ಕ ಮಾದರಿಗಷ್ಟೆ. ಸಂಶೋಧನೆಯ ಅಂಕಿಗಳು ಬಂದಲ್ಲಿ ಯಾವ ವರ್ಷದ್ದೆಂದು ಅಲ್ಲಲ್ಲೇ ಹೇಳಿದೆ.

ಸಲಹೆಯಲ್ಲಿ ಸುಳ್ಳೇನೂ ಇರಲಿಲ್ಲ. ತೂಕ ಇಳಿಯಬೇಕು, ಕಾಲು ಆಡಬೇಕು, ಎರಡೂ ಸರಿ. ಕೆಟ್ಟದ್ದು ಅನುಕ್ರಮ. ಸೋತ ತೊಡೆ, ಊದುವ ಹಂತದಲ್ಲಿದ್ದ ಕೀಲು, 88 ಕೆ.ಜಿ. ಭಾರ ಇಷ್ಟನ್ನೂ ಇಟ್ಟುಕೊಂಡು ಮೊದಲ ದಿನವೇ ಒಂದು ಗಂಟೆ ನಡೆಯಿರಿ ಎಂದದ್ದು, ಕೊನೆಗೆ ಕೊಡಬೇಕಾದದ್ದನ್ನು ಮೊದಲಿಗೇ ಕೊಟ್ಟ ಹಾಗಾಯಿತು.

ಪರೀಕ್ಷೆಯಲ್ಲಿ ಕಂಡದ್ದು

ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಒಂದು ಕುರ್ಚಿ. 43 ಸೆಂ.ಮೀ. ಎತ್ತರದ, ಕೈ ಇಲ್ಲದ ಕುರ್ಚಿ. ತೋಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬ ಪರೀಕ್ಷೆ. ಈಕೆ ಎದ್ದದ್ದು 6 ಸಲ. 60ರಿಂದ 64 ವಯಸ್ಸಿನ ಮಹಿಳೆಯರಲ್ಲೇ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎನ್ನುತ್ತಾರೆ, ಇವರಿನ್ನೂ 54. ಸಂಖ್ಯೆಗಿಂತ ಎದ್ದ ರೀತಿ ನೋಡಬೇಕಿತ್ತು. ಬಲಪಾದ ಒಂದು ಗೇಣು ಮುಂದೆ ಚಾಚಿರುತ್ತದೆ, ಭಾರವೆಲ್ಲ ಎಡಗಾಲಿಗೆ. ಮುಂಡ ತೊಡೆಗೆ ತಾಗುವಷ್ಟು ಮುಂದಕ್ಕೆ ಬಾಗಿ, ಸೊಂಟದಿಂದ ಒಂದು ಎಳೆತ, ಆಮೇಲೆ ನೆಟ್ಟಗಾಗುವುದು. ಅಂದರೆ ತೊಡೆ ಮಾಡಬೇಕಾದ ಕೆಲಸವನ್ನು ಸೊಂಟ ಮಾಡುತ್ತಿತ್ತು. ದಿನಕ್ಕೆ ನಲವತ್ತು ಐವತ್ತು ಸಲ ಹೀಗೇ ಎದ್ದರೆ ಸೊಂಟ ನೋವು ಎಲ್ಲಿಂದ ಬಂತು ಎಂದು ದೂರ ಹುಡುಕಬೇಕಿಲ್ಲ.

ಕೂರುವಾಗಲೂ ಅಷ್ಟೆ. ಕೊನೆಯ ಹತ್ತು ಸೆಂಟಿಮೀಟರ್ ಕೂರುತ್ತಿರಲಿಲ್ಲ, ಬೀಳುತ್ತಿದ್ದರು. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಭಾರವನ್ನು ಹಿಡಿದು ನಿಧಾನ ಇಳಿಸಲಾರದ ಸ್ಥಿತಿಗೆ ಬಂದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ತೊಡೆಗೆ ಟೇಪು ಸುತ್ತಿ ಎಡ ಬಲ ಹೋಲಿಸುವ ರೂಢಿಯಿದೆ. ಮೈ ತುಂಬಿದವರಲ್ಲಿ ಆ ಅಳತೆ ಮೋಸ ಮಾಡುತ್ತದೆ: ಸ್ನಾಯು ಕರಗಿದ ಜಾಗವನ್ನು ಕೊಬ್ಬು ತುಂಬಿರುತ್ತದೆ, ಟೇಪು ಎರಡೂ ಕಡೆ ಒಂದೇ ತೋರಿಸುತ್ತದೆ.

ಬಲ ಮಂಡಿ ಪೂರ್ತಿ ನೆಟ್ಟಗಾಗುವುದಕ್ಕೆ ಸುಮಾರು 7 ಡಿಗ್ರಿ ಕಡಿಮೆ. ಒಳಬದಿಯ ಕೀಲಿನ ಗೆರೆ ಒತ್ತಿದರೆ ನೋವು. ಒಳಬದಿಯ ಗುಳಿಯನ್ನು ಅಂಗೈಯಿಂದ ಮೇಲಕ್ಕೆ ಸವರಿ, ಹೊರಬದಿಯಿಂದ ಕೆಳಕ್ಕೆ ಸವರಿದರೆ ಒಳಗುಳಿಯಲ್ಲಿ ನೀರು ಮತ್ತೆ ಉಬ್ಬಿ ಬರುತ್ತಿತ್ತು. ಬಿಸಿ ಹೆಚ್ಚಿಲ್ಲ, ಚರ್ಮ ಕೆಂಪಾಗಿಲ್ಲ, ಜ್ವರವಿಲ್ಲ. ಕೆಂಪಾಗಿ ಸುಡುತ್ತಿದ್ದು ಕಾಲೂರಲೂ ಆಗದಿದ್ದರೆ ಕೀಲಿನೊಳಗೆ ಸೋಂಕು ಅಥವಾ ಗೌಟ್ (ಯೂರಿಕ್ ಆಮ್ಲದ ಹರಳು ಕೀಲಿನಲ್ಲಿ ಕೂರುವ ಕಾಯಿಲೆ) ಇರಬಹುದೆಂದು ಅದೇ ದಿನ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತಿತ್ತು. ಸೊಂಟದ ಕೀಲನ್ನೂ, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲನ್ನೂ, ತಿರುಗಿಸಿ ನೋಡಿದ್ದಾಯಿತು. ಆ ಕೀಲು ಕೆಟ್ಟಾಗಲೂ ಕೆಲವರಿಗೆ ಮಂಡಿಯಲ್ಲೇ ನೋವು ಕಾಣಿಸುತ್ತದೆ. ಇವರಲ್ಲಿ ಅದು ಚೆನ್ನಾಗಿತ್ತು.

ಎಕ್ಸ್‌ರೇ ಕಥೆ ಬೇರೆ. ಮೊದಲು ತೆಗೆಸಿದ್ದ ಎಕ್ಸ್‌ರೇಯಲ್ಲಿ "ಅಂಥದ್ದೇನೂ ಇಲ್ಲ" ಎಂದಿತ್ತು. ತೆಗೆದದ್ದು ಮಲಗಿಸಿ. ಮಲಗಿದಾಗ ಕೀಲಿನ ಮೇಲೆ ಭಾರವೇ ಇರುವುದಿಲ್ಲ, ಸವೆದ ಮೃದ್ವಸ್ಥಿಯ (ಎಲುಬಿನ ತುದಿಯನ್ನು ಹೊದ್ದಿರುವ ನುಣುಪು ಮೆತ್ತೆ) ಜಾಗವೂ ತೆರೆದುಕೊಂಡು ಅಗಲವಾಗಿ ಕಾಣುತ್ತದೆ. ನಿಲ್ಲಿಸಿ ತೆಗೆಸಿದಾಗ ಬಲ ಮಂಡಿಯ ಒಳಬದಿಯ ಅಂತರ ನಿಚ್ಚಳವಾಗಿ ಕಿರಿದಾಗಿತ್ತು, ಅಂಚಿನಲ್ಲಿ ಎಲುಬಿನ ಮುಳ್ಳುಗಳಿದ್ದವು. ಎಕ್ಸ್‌ರೇ ನೋಡಿ ಸವೆತಕ್ಕೆ 0ರಿಂದ 4ರವರೆಗೆ ದರ್ಜೆ ಕೊಡುವ, 1957ರಿಂದ ಬಳಕೆಯಲ್ಲಿರುವ ಕೆಲ್‌ಗ್ರೆನ್–ಲಾರೆನ್ಸ್ ಅಳತೆಯಲ್ಲಿ ಬಲಕ್ಕೆ 3ನೇ ದರ್ಜೆ, ಎಡಕ್ಕೆ 2. ಮಂಡಿ ಸವೆತಕ್ಕೆ ಎಕ್ಸ್‌ರೇ ಬರೆದುಕೊಡುವಾಗ ಚೀಟಿಯಲ್ಲಿ "ನಿಂತು" ಎಂಬ ಎರಡಕ್ಷರ ಇರಲೇಬೇಕು.

ಬೆನ್ನಿನ ವಿಷಯದಲ್ಲಿ ಉಲ್ಟಾ ಆಗಿತ್ತು, ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಚಿತ್ರ ತೆಗೆಸಿದ್ದರು. ಎಂಆರ್‌ಐ ವರದಿಯಲ್ಲಿ ಸೊಂಟದ ನಾಲ್ಕು ಮತ್ತು ಐದನೇ ಎಲುಬಿನ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದು ಬರೆದಿತ್ತು. ಅದನ್ನು ಓದಿದ ದಿನದಿಂದ ಆಕೆ ಬಗ್ಗುವುದನ್ನೇ ಬಿಟ್ಟಿದ್ದರು. ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, 50 ವಯಸ್ಸಿನವರಲ್ಲಿ 80 ಪ್ರತಿಶತ ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. 20 ವಯಸ್ಸಿನವರಲ್ಲೇ 37 ಪ್ರತಿಶತ. ಕೂದಲು ನರೆಯುವ ಹಾಗೆ ಡಿಸ್ಕೂ ನರೆಯುತ್ತದೆ. ಈಕೆಗೆ ಕಾಲಿಗೆ ಹರಿಯುವ ನೋವಿಲ್ಲ, ಜೋಮಿಲ್ಲ, ಹೆಬ್ಬೆರಳು ಮೇಲೆತ್ತುವ ಬಲ ಎರಡೂ ಕಡೆ ಸಮ. ಮೂತ್ರ, ಮಲದ ಹಿಡಿತ ತಪ್ಪಿದ್ದರೆ, ತೊಡೆಸಂದಿಯ ಸುತ್ತ ಮರಗಟ್ಟಿದ್ದರೆ, ಪಾದ ಎತ್ತಲಾಗದೆ ಎಳೆದು ನಡೆಯುತ್ತಿದ್ದರೆ, ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ದಾರಿಯೇ ಬೇರೆ. ಆಗ ಕೆಳಗಿನ ಯಾವುದೂ ಅನ್ವಯಿಸುವುದಿಲ್ಲ, ಮೊದಲ ಎರಡಕ್ಕಂತೂ ಆಸ್ಪತ್ರೆಗೆ ಓಡಬೇಕು.

ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ, ಥೈರಾಯ್ಡ್ ಸರಿ. ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) 6.1 ಪ್ರತಿಶತ, ಮಧುಮೇಹದ ಹೊಸ್ತಿಲು. ರಕ್ತದೊತ್ತಡ 148/92. ಅದರಲ್ಲಿ ಎರಡು ತಿಂಗಳಿನಿಂದ ದಿನಾ ನುಂಗುತ್ತಿದ್ದ ನೋವಿನ ಮಾತ್ರೆಯ ಪಾಲೂ ಇರಬಹುದೆಂದು ಮಾತ್ರೆ ನಿಲ್ಲಿಸಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿದ್ದಾಯಿತು.

88 ಕೆ.ಜಿ. ಮಂಡಿಗೆ ಎಷ್ಟಾಗುತ್ತದೆ

ತಕ್ಕಡಿಯ ಮೇಲಿನ ಅಂಕಿಯನ್ನೇ ಮಂಡಿ ಹೊರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೀಲಿನ ಸುತ್ತಲಿನ ಸ್ನಾಯುಗಳು ದೇಹ ಬೀಳದಂತೆ ಎಳೆದು ಹಿಡಿಯುವಾಗ ಕೀಲನ್ನು ಒತ್ತುತ್ತವೆ. ಆ ಒತ್ತಡವೂ ಸೇರುತ್ತದೆ. ಬರ್ಲಿನ್‌ನ ತಂಡವೊಂದು ಕೃತಕ ಮಂಡಿಯ ಒಳಗೇ ಅಳತೆಯ ಸಾಧನ ಕೂರಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಎರಡೂ ಕಾಲಿನಲ್ಲಿ ಸುಮ್ಮನೆ ನಿಂತಾಗ ಒಂದು ಮಂಡಿಯ ಮೇಲೆ ದೇಹತೂಕದ 107 ಪ್ರತಿಶತ, ಸಮತಟ್ಟಿನಲ್ಲಿ ನಡೆಯುವಾಗ 261, ಮೆಟ್ಟಿಲು ಹತ್ತುವಾಗ 316, ಇಳಿಯುವಾಗ 346. ಕುರ್ಚಿಯಿಂದ ಏಳುವಾಗ 246.

ಅದನ್ನು ಈಕೆಗೆ ಹಾಕಿದರೆ ಪ್ರತಿ ಹೆಜ್ಜೆಗೂ ಸುಮಾರು 230 ಕೆ.ಜಿ., ಮೆಟ್ಟಿಲಿಳಿಯುವಾಗ 300ರ ಮೇಲೆ. ಗಂಟೆಯ ನಡಿಗೆಯೆಂದರೆ ಆರು ಸಾವಿರ ಹೆಜ್ಜೆಯ ಆಸುಪಾಸು, ಒಂದೊಂದು ಮಂಡಿಗೆ ಮೂರು ಸಾವಿರ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋಯುತ್ತದೆ ಎಂದು ರೋಗಿಗಳು ಹೇಳಿದಾಗ ನಂಬದವರಿದ್ದಾರೆ. ಹತ್ತುವಾಗ ಏದುಸಿರು, ಇಳಿಯುವಾಗ ನೋವು, ಎರಡೂ ನಿಜ.

ಇನ್ನೊಂದು ಲೆಕ್ಕ ಖುಷಿ ಕೊಡುವಂಥದ್ದು. ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ 142 ಹಿರಿಯರ ನಡಿಗೆಯನ್ನು ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಳಿದ ಪ್ರತಿ 1 ಕೆ.ಜಿ.ಗೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ 4 ಕೆ.ಜಿ. ಕಡಿಮೆಯಾಗುತ್ತದೆ. (ಇದು ಪ್ರಯೋಗಾಲಯದ ನಡಿಗೆಯಿಂದ ಗಣಿಸಿದ್ದು, ಬರ್ಲಿನ್‌ನದು ಕೀಲಿನೊಳಗೇ ಅಳೆದದ್ದು. ಎರಡನ್ನೂ ಕಲೆಸಿ ಗುಣಿಸಲು ಹೋಗಬಾರದು.) 10 ಕೆ.ಜಿ. ಇಳಿಯಲಿ ಆಮೇಲೆ ನೋಡೋಣ ಎಂದು ಕಾಯುವ ಅಗತ್ಯವಿಲ್ಲ, ಎರಡು ಕೆ.ಜಿ. ಇಳಿದಾಗಲೇ ಮಂಡಿಗೆ ಗೊತ್ತಾಗುತ್ತದೆ.

ಆದರೆ ಭಾರವೊಂದೇ ಕಾರಣವಾಗಿದ್ದರೆ ಕೈಬೆರಳಿನ ಕೀಲುಗಳಿಗೆ ಏನೂ ಆಗಬಾರದಿತ್ತು. ಬೊಜ್ಜಿರುವವರಲ್ಲಿ ಬೆರಳಿನ ಕೀಲು ಸವೆತವೂ ಹೆಚ್ಚು, ಬೆರಳಿನ ಮೇಲೆ ಯಾರೂ ನಡೆಯುವುದಿಲ್ಲ. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಬಿದ್ದಿರುವ ಗೋದಾಮಲ್ಲ. ಲೆಪ್ಟಿನ್, ಐಎಲ್-6, ಟಿಎನ್‌ಎಫ್ ಎಂಬ ಉರಿಯೂತದ ಸಂದೇಶಗಳನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಅವು ಮೃದ್ವಸ್ಥಿಯ ರಿಪೇರಿಯನ್ನು ಹಿಂದಕ್ಕೆ ತಳ್ಳಿ ಸವೆತವನ್ನು ಮುಂದಕ್ಕೆ ತಳ್ಳುತ್ತವೆ. ಒಂದೇ ತೂಕದ ಇಬ್ಬರಲ್ಲಿ ಒಬ್ಬರ ಮಂಡಿ ಮಾತ್ರ ಊದುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಇನ್ನು ಊತ. ಕೀಲಿನಲ್ಲಿ ನೀರು ತುಂಬಿದರೆ ಕ್ವಾಡ್ರಿಸೆಪ್ಸ್‌ಗೆ ಹೋಗುವ ನರದ ಆಜ್ಞೆಯನ್ನು ದೇಹ ತಾನಾಗಿಯೇ ತಗ್ಗಿಸುತ್ತದೆ. ರೋಗಿ ಎಷ್ಟು ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಸ್ನಾಯು ಬಿಗಿಯದಿದ್ದರೆ ಹಿಮ್ಮಡಿ ಊರಿದ ಪೆಟ್ಟು ನೇರ ಕೀಲಿಗೆ, ಪೆಟ್ಟಿನಿಂದ ಮತ್ತೆ ನೀರು. ಮೂರು ವಾರದ ನಡಿಗೆಯಲ್ಲಿ ಆದದ್ದು ಇದೇ ಸುತ್ತು.

ಹಾಗೆಂದು ಕಾಲು ಚಾಚಿ ಕೂತುಬಿಡುವ ಹಾಗೂ ಇಲ್ಲ. ಮೃದ್ವಸ್ಥಿಗೆ ರಕ್ತನಾಳವಿಲ್ಲ. ಭಾರ ಬಿದ್ದಾಗ ಸ್ಪಂಜಿನಂತೆ ಹಿಂಡಿ, ಭಾರ ಎದ್ದಾಗ ಸುತ್ತಲಿನ ಕೀಲುದ್ರವವನ್ನು ಹೀರಿ ಅದು ಬದುಕುವುದು. ಆಡದ ಕೀಲು ಉಪವಾಸ ಬೀಳುತ್ತದೆ.

ಸೊಂಟದ ಲೆಕ್ಕ ಸನ್ನೆಗೋಲಿನದು. ಹೊಟ್ಟೆಯಲ್ಲಿ ಹೆಚ್ಚುವರಿ 10 ಕೆ.ಜಿ. ಇದೆ, ಅದು ಡಿಸ್ಕ್‌ನ ಮಧ್ಯದಿಂದ 20 ಸೆಂ.ಮೀ. ಮುಂದೆ ತೂಗುತ್ತದೆ ಎನ್ನಿ. ಬೆನ್ನ ಹಿಂದಿನ ಸ್ನಾಯು ಡಿಸ್ಕ್‌ನಿಂದ 5 ಸೆಂ.ಮೀ. ಹಿಂದಿದೆ. ಮುಗ್ಗರಿಸದಂತೆ ನಿಲ್ಲಲು ಆ ಸ್ನಾಯು 40 ಕೆ.ಜಿ. ಎಳೆಯಬೇಕು. ಡಿಸ್ಕ್‌ಗೆ ಬೀಳುವುದು 40 ಮತ್ತು 10, ಒಟ್ಟು 50. ತೀರ ಸರಳ ಮಾಡಿದ ಲೆಕ್ಕ ನಿಜ, ಆದರೆ ಹತ್ತು ಹದಿನೈದು ನಿಮಿಷ ಒಂದೇ ಕಡೆ ನಿಂತರೆ ಈಕೆಯ ಸೊಂಟ ಕಲ್ಲಿನಂತೆ ಬಿಗಿಯುವುದು, ಕೂತರೆ ಅಥವಾ ಒರಗಿದರೆ ಸಡಿಲವಾಗುವುದು ಯಾಕೆಂದು ಇದರಿಂದ ತಿಳಿಯುತ್ತದೆ. ನಮ್ಮ ಅಭಿಪ್ರಾಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು: ತೂಕಕ್ಕೂ ಮಂಡಿಗೂ ಇರುವಷ್ಟು ಬಿಗಿಯಾದ ನಂಟು ತೂಕಕ್ಕೂ ಸೊಂಟ ನೋವಿಗೂ ಇಲ್ಲ. ತೂಕ ಇಳಿದರೆ ಸೊಂಟ ಸರಿಹೋಗುತ್ತದೆ ಎಂದು ಯಾರಾದರೂ ಖಾತರಿ ಕೊಟ್ಟರೆ ಅದು ಅತಿಯಾಯಿತು. ನಿದ್ದೆ, ಭಯ, ಕೂರುವ ಅವಧಿ, ಸೋತ ಪೃಷ್ಠದ ಸ್ನಾಯು ಎಲ್ಲವೂ ಅಲ್ಲಿ ಪಾಲುದಾರರು.

ಮೊದಲ ಎರಡು ವಾರ: ಊತ ಇಳಿಸುವುದು

ಒಂದು ಗಂಟೆಯ ನಡಿಗೆ ಬಂದ್. ಬದಲಿಗೆ ಸಮತಟ್ಟಾದ ಕಡೆ ದಿನಕ್ಕೆ ಮೂರು ಸಲ, ಸಲಕ್ಕೆ 8 ನಿಮಿಷ. ಊರುಗೋಲು ಎಡಗೈಗೆ. ನೋಯುವ ಕಾಲಿನ ಕಡೆಗೇ ಕೋಲು ಹಿಡಿಯುವವರು ಹೆಚ್ಚು, ಅದರಿಂದ ಮೈ ನೋಯುವ ಕಡೆಗೇ ವಾಲುತ್ತದೆ. ಬಲಗಾಲು ಮತ್ತು ಎಡಗೈಯ ಕೋಲು ಒಟ್ಟಿಗೆ ನೆಲ ಮುಟ್ಟಬೇಕು. ಕೋಲಿನ ಹಿಡಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ತುದಿಯ ರಬ್ಬರ್ ಸವೆದಿದ್ದರೆ ಬದಲಾಯಿಸಬೇಕು.

ಮೆಟ್ಟಿಲು ತಪ್ಪಿಸಲಾಗದ ಮನೆ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ. ದಿನಕ್ಕೆ ಐದಾರು ಸಲ ಇಳಿದು ಹತ್ತುತ್ತಿದ್ದುದನ್ನು ಕೆಲಸ ಒಟ್ಟುಮಾಡಿ ಎರಡಕ್ಕೆ ಇಳಿಸಿದರು. ಕೂರುವ ಕುರ್ಚಿಗೆ ಗಟ್ಟಿ ದಿಂಬು ಹಾಕಿ 50 ಸೆಂ.ಮೀ.ಗೆ ಏರಿಸಿದರು.

ರಾತ್ರಿ ಮಂಡಿಯಡಿ ದಿಂಬಿಟ್ಟು ಮಲಗುವ ಅಭ್ಯಾಸವಿತ್ತು. ಹಾಯೆನಿಸುತ್ತದೆ, ಆದರೆ ಎಂಟು ಗಂಟೆ ಮಡಚಿಟ್ಟ ಮಂಡಿ ಮಡಚಿಯೇ ಸೆಟೆಯುತ್ತದೆ. ನೆಟ್ಟಗಾಗಲು 7 ಡಿಗ್ರಿ ಕಡಿಮೆಯಿದ್ದುದರ ಒಂದು ಮೂಲ ಇದು. ದಿಂಬನ್ನು ಹಿಮ್ಮಡಿಯ ಕೆಳಗೆ ಸರಿಸಿ ದಿನಕ್ಕೆ ಎರಡು ಸಲ 5 ನಿಮಿಷ ಇರಲು ಹೇಳಲಾಯಿತು. ಮಲಗುವಾಗ ಪಕ್ಕಕ್ಕೆ ತಿರುಗಿ ಎರಡು ಮಂಡಿಗಳ ನಡುವೆ ದಿಂಬು.

ಔಷಧಕ್ಕೆ 1 ಪ್ರತಿಶತದ ಡಿಕ್ಲೊಫೆನಾಕ್ ಜೆಲ್, ಮಂಡಿಗೆ ಸಲಕ್ಕೆ 4 ಗ್ರಾಂ, ದಿನಕ್ಕೆ 4 ಸಲ, ಎರಡು ವಾರ. "ಜೆಲ್ ಹಚ್ಚಿ ನೋಡಿದೆ, ಏನೂ ಆಗಲಿಲ್ಲ" ಎನ್ನುವವರು ಸಾಮಾನ್ಯವಾಗಿ ಕಡಲೆಕಾಳಿನಷ್ಟು ಹಚ್ಚಿರುತ್ತಾರೆ. 4 ಗ್ರಾಂ ಎಂದರೆ ಅದಕ್ಕಿಂತ ಬಹಳ ಜಾಸ್ತಿ. ಜೆಲ್ ಜೊತೆ ಬರುವ ಅಳತೆ ಪಟ್ಟಿ ಬಿಸಾಡಬಾರದು. ಮಂಡಿಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಬೇಕೇ ಎಂದು ಕೇಳಿದರು. ಕೆಲವು ವಾರ ಉಪಶಮನ ಸಿಗುತ್ತದೆ, ಮೃದ್ವಸ್ಥಿ ಬೆಳೆಯುವುದಿಲ್ಲ. ಹತ್ತನೇ ದಿನಕ್ಕೆ ಊತ ಅರ್ಧ ಇಳಿದದ್ದರಿಂದ ಬೇಡವೆಂದಾಯಿತು. ಕೀಲಿನೊಳಗೆ ಕೊಳವೆ ಹಾಕಿ ತೊಳೆಯುವ ಶಸ್ತ್ರಚಿಕಿತ್ಸೆ ಸವೆತಕ್ಕೆ ನಾಟಕದ ಶಸ್ತ್ರಚಿಕಿತ್ಸೆಗಿಂತ (ಚರ್ಮ ಮಾತ್ರ ಕೊಯ್ದು ಒಳಗೇನೂ ಮಾಡದ್ದು) ಮೇಲಲ್ಲ ಎಂದು 2002ರಲ್ಲೇ 180 ಮಂದಿಯ ಪ್ರಯೋಗದಲ್ಲಿ ಗೊತ್ತಾಗಿದೆ; ಆ ಮಾತು ಎತ್ತಲಿಲ್ಲ.

ಮೂರನೇ ವಾರದಿಂದ: ತೊಡೆ

ಈ ಪ್ರಕರಣದ ತಿರುಳು ಇಲ್ಲಿದೆ. ವ್ಯಾಯಾಮ ಐದೇ, ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು.

ಮೊದಲನೆಯದು ಸುಮ್ಮನೆ ಬಿಗಿಯುವುದು. ಕಾಲು ಚಾಚಿ ಕೂತು, ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ. ಚಿಪ್ಪು ತೊಡೆಯ ಕಡೆ ಸರಿಯುವುದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಪೃಷ್ಠ ಬಿಗಿಯುತ್ತಿದ್ದಾರೆ, ತೊಡೆಯನ್ನಲ್ಲ. ಇದನ್ನು ಮಾತ್ರ ದಿನಾ ಮಾಡಬಹುದು.

ಎರಡನೆಯದು ಕುರ್ಚಿ. 50 ಸೆಂ.ಮೀ. ಎತ್ತರದಿಂದ ಏಳುವುದು, 8 ಸಲದ 3 ಸರದಿ. ಪಾದ ಎರಡೂ ಸಮ, ಹಿಮ್ಮಡಿ ಮಂಡಿಗಿಂತ ತುಸು ಹಿಂದೆ. ಏಳಲು 1 ಸೆಕೆಂಡ್, ಕೂರಲು 3 ಸೆಕೆಂಡ್. ಮುಖ್ಯವಾದದ್ದು ಕೂರುವ ಆ ಮೂರು ಸೆಕೆಂಡ್. ಮೊದಲ ದಿನ ಎದುರಿಗೆ ಕನ್ನಡಿ ಇಟ್ಟು ಮಾಡಿಸಿದಾಗಲೇ ತಾನು ಎಡಕ್ಕೆ ವಾಲುತ್ತಿರುವುದು ಆಕೆಗೆ ಗೊತ್ತಾದದ್ದು. ಎರಡು ವಾರಕ್ಕೊಮ್ಮೆ ಎತ್ತರ 2 ಸೆಂ.ಮೀ. ಇಳಿಸಬೇಕು. ದಿಂಬಿನ ಬದಲು ದಪ್ಪ ಪುಸ್ತಕಗಳನ್ನಿಟ್ಟು ಒಂದೊಂದೇ ತೆಗೆಯುತ್ತಾ ಹೋದರು, ಲೆಕ್ಕ ಸುಲಭ.

ಮಿಕ್ಕ ಮೂರು: ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಮೊದಲೆರಡು ಸೊಂಟಕ್ಕೂ ಮದ್ದು. ಸೊಂಟ ಎತ್ತುವಾಗ ಬೆನ್ನು ಕಮಾನಾಗಿ ಪಕ್ಕೆಲುಬು ಮೇಲೆದ್ದರೆ ಕೆಲಸ ಪೃಷ್ಠದಿಂದ ಬೆನ್ನಿಗೆ ಜಾರಿದೆ ಎಂದರ್ಥ, ಅಲ್ಲಿಗೆ ಎತ್ತರ ಸಾಕು.

ನೋವಿಗೆ ಒಂದು ಕಟ್ಟುಪಾಡು ಇತ್ತು. 0ರಿಂದ 10ರ ಅಳತೆಯಲ್ಲಿ ಮಾಡುವಾಗ 4ರವರೆಗೆ ನೋವು ಬಂದರೆ ನಡೆಯುತ್ತದೆ, ಆದರೆ ಮರುದಿನ ಅದೇ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅಥವಾ ಗುಳಿ ಮತ್ತೆ ಮುಚ್ಚಿದರೆ ಹಿಂದಿನ ವಾರದ ಪ್ರಮಾಣಕ್ಕೆ. ನಿಲ್ಲಿಸಬಾರದು. ಇದನ್ನು ಹೇಳದೆ ವ್ಯಾಯಾಮ ಕೊಟ್ಟರೆ ಕೆಲವರು ಮೊದಲ ಚುಚ್ಚಿಗೇ ಬಿಡುತ್ತಾರೆ, ಕೆಲವರು ಹಲ್ಲು ಕಚ್ಚಿ ಮಂಡಿ ಕೆಡಿಸಿಕೊಳ್ಳುತ್ತಾರೆ. ಈಕೆ ಎರಡನೇ ಪೈಕಿ.

ತೂಕ ಇಳಿದದ್ದು ತಟ್ಟೆಯಿಂದ

ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ 454 ಮಂದಿಯನ್ನು ಮೂರು ಗುಂಪು ಮಾಡಿ 18 ತಿಂಗಳು ನೋಡಿದ ಐಡಿಯಾ ಎಂಬ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ವ್ಯಾಯಾಮ ಮಾತ್ರ ಮಾಡಿದವರು ಸರಾಸರಿ 1.8 ಕೆ.ಜಿ. ಇಳಿದರು, ಆಹಾರ ಮಾತ್ರ ತಗ್ಗಿಸಿದವರು 8.9, ಎರಡೂ ಮಾಡಿದವರು 10.6. ನೋವು ಎಲ್ಲರಿಗಿಂತ ಹೆಚ್ಚು ತಗ್ಗಿದ್ದು ಎರಡೂ ಮಾಡಿದವರಿಗೆ. ವ್ಯಾಯಾಮದ್ದು ಕೀಲನ್ನು ಹಿಡಿಯುವ ಕೆಲಸ, ತೂಕ ಇಳಿಸುವ ಕೆಲಸ ಊಟದ್ದು. ನಡಿಗೆಯಿಂದ ತೂಕ ಇಳಿಸಲು ಹೊರಟದ್ದು ಅದರ ಕೈಲಾಗದ ಕೆಲಸವನ್ನು ಅದಕ್ಕೆ ಒಪ್ಪಿಸಿದಂತೆ.

ಈಕೆ ಮೊದಲ ಪ್ರಯತ್ನದಲ್ಲಿ ಬೆಳಗಿನ ತಿಂಡಿ ಬಿಟ್ಟು ರಾತ್ರಿ ಹಣ್ಣು ಮಾತ್ರ ತಿನ್ನುತ್ತಿದ್ದರು. ಪ್ರೋಟೀನ್ ದಿನಕ್ಕೆ 40 ಗ್ರಾಂ ಕೂಡ ಆಗುತ್ತಿರಲಿಲ್ಲ. ಹಾಗೆ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ; ಮಂಡಿಗೆ ಅದು ನಷ್ಟದ ವ್ಯಾಪಾರ. ಹೊಸ ಲೆಕ್ಕ: ದಿನಕ್ಕೆ ಖರ್ಚಾಗುವುದಕ್ಕಿಂತ 500ರಿಂದ 600 ಕ್ಯಾಲೊರಿ ಕಡಿಮೆ, ಗುರಿ ತೂಕ 75 ಕೆ.ಜಿ. ಎಂದಿಟ್ಟು ಕೆ.ಜಿ.ಗೆ 1.2 ಗ್ರಾಂನಂತೆ 90 ಗ್ರಾಂ ಪ್ರೋಟೀನ್, ಮೂರು ಹೊತ್ತಿಗೆ ಹಂಚಿ. ಮೂತ್ರಪಿಂಡದ ವರದಿ ಸರಿಯಿದ್ದುದರಿಂದ ಇಷ್ಟು ಹೇಳಲಾಯಿತು, ಇಲ್ಲದಿದ್ದರೆ ಆಗುತ್ತಿರಲಿಲ್ಲ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲುಭಾಗ ಕಾಳು, ಮೊಟ್ಟೆ, ಮೀನಿನಂಥದ್ದು, ಕಾಲುಭಾಗ ಧಾನ್ಯ. ತೂಕ ವಾರಕ್ಕೆ ಮೂರು ದಿನ ಬೆಳಿಗ್ಗೆ ಶೌಚದ ನಂತರ ನೋಡಿ ಸರಾಸರಿ ಬರೆಯುವುದು. ಒಂದು ದಿನದ ಅಂಕಿ ಉಪ್ಪು ಮತ್ತು ನೀರಿನ ಲೆಕ್ಕದಲ್ಲೇ ಒಂದು ಕೆ.ಜಿ. ಆಚೀಚೆ ಆಗುತ್ತದೆ, ಅದನ್ನು ನೋಡಿ ಅಳಬೇಕಿಲ್ಲ.

ಆರನೇ ವಾರಕ್ಕೆ 85.4. ಒಂಬತ್ತರಿಂದ ಹನ್ನೊಂದನೇ ವಾರದವರೆಗೆ 84ರಲ್ಲೇ ನಿಂತಿತು. ಮೂರು ದಿನ ತಿಂದದ್ದನ್ನೆಲ್ಲ ತೂಗಿ ಬರೆದಾಗ ಎರಡು ತೂತು ಸಿಕ್ಕವು. "ಒಂದು ಚಮಚ" ಎಂದಿದ್ದ ಎಣ್ಣೆ ಅಳತೆಗೆ ಹಾಕಿದರೆ ಮೂರು, 15 ಮಿ.ಲೀ.ಯ ದೊಡ್ಡ ಚಮಚವೊಂದಕ್ಕೆ ಸುಮಾರು 120 ಕ್ಯಾಲೊರಿ. ಇನ್ನೊಂದು, ಕೆಲಸದ ಜಾಗದಲ್ಲಿ ಸಕ್ಕರೆ ಹಾಕಿದ ನಾಲ್ಕು ಲೋಟ ಚಹಾ. ಅವೆರಡನ್ನು ಮುಚ್ಚಿದ ಮೇಲೆ ಮತ್ತೆ ಇಳಿಯತೊಡಗಿತು.

ಔಷಧದ ಪ್ರಶ್ನೆ ಆಗಲೇ ಬಂದದ್ದು. ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದನ್ನು ಮಂಡಿ ಸವೆತವಿರುವ 407 ಮಂದಿಯ ಮೇಲೆ 68 ವಾರ ನೋಡಿದ ಪ್ರಯೋಗ 2024ರಲ್ಲಿ ಪ್ರಕಟವಾಗಿದೆ. ತೂಕ ಸರಾಸರಿ 13.7 ಪ್ರತಿಶತ ಇಳಿಯಿತು, ಹುಸಿ ಔಷಧದವರಲ್ಲಿ 3.2. ನೋವಿನ ಅಂಕ 100ರ ಅಳತೆಯಲ್ಲಿ 41.7ರಷ್ಟು ತಗ್ಗಿತು, ಹುಸಿ ಔಷಧದವರಲ್ಲಿ 27.5. ಕೆಲಸ ಮಾಡುವ ಔಷಧ ಎನ್ನುವುದರಲ್ಲಿ ಅನುಮಾನವಿಲ್ಲ. ಹಸಿವೇ ಸತ್ತಾಗ ಪ್ರೋಟೀನ್ ತಪ್ಪುತ್ತದೆ, ನಿಲ್ಲಿಸಿದರೆ ತೂಕ ಮರಳುತ್ತದೆ ಎಂಬ ಎರಡು ವಿಷಯ ಮೊದಲೇ ಹೇಳಬೇಕು. ಈಕೆಯ ತೂಕ ತಾನೇ ಇಳಿಯುತ್ತಿದ್ದುದರಿಂದ ಮುಂದೂಡಿದರು.

ಎಡವಿದ್ದು ಎಲ್ಲೆಲ್ಲಿ

ಹದಿಮೂರನೇ ವಾರ ಮಂಡಿ ಹಗುರಾಯಿತೆಂಬ ಹುರುಪಿನಲ್ಲಿ ನಡಿಗೆಯನ್ನು ಒಂದೇ ವಾರದಲ್ಲಿ 20 ನಿಮಿಷದಿಂದ 40ಕ್ಕೆ ಏರಿಸಿದರು. ಮಂಡಿ ತಡೆಯಿತು, ಹಿಮ್ಮಡಿ ತಡೆಯಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತೆ ನೋವು, ಹತ್ತು ಹೆಜ್ಜೆಗೆ ಕಡಿಮೆ. ಅಂಗಾಲಿನ ಪಟ್ಟಿಯ ತೊಂದರೆ, ಹೆಚ್ಚು ತೂಕದವರಲ್ಲಿ ಮಾಮೂಲು. ನಡಿಗೆ 20ಕ್ಕೆ ಇಳಿಯಿತು, ಮನೆಯೊಳಗೂ ಮೆತ್ತನೆ ಚಪ್ಪಲಿ, ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಬೆರಳುಗಳಡಿ ಸುತ್ತಿದ ಟವೆಲ್ ಇಟ್ಟು ಮಾಡಿಸಲಾಯಿತು. ಏಳು ವಾರ ಹಿಡಿಯಿತು. ಆಮೇಲೆ ವಾರಕ್ಕೆ 3 ನಿಮಿಷಕ್ಕಿಂತ ಹೆಚ್ಚು ಏರಿಸಲಿಲ್ಲ.

ಇಪ್ಪತ್ತನಾಲ್ಕನೇ ವಾರ, ತೂಕ 80.6 ಇದ್ದಾಗ, ತುಂಬಿದ ಬಕೆಟ್ಟನ್ನು ತೋಳು ಚಾಚಿ, ಬೆನ್ನು ಬಾಗಿಸಿ ಎತ್ತಿ ಸೊಂಟ ಹಿಡಿದುಕೊಂಡಿತು. ಒಬ್ಬ ಸ್ವಯಂಸೇವಕನ ಡಿಸ್ಕ್‌ನೊಳಗೆ ಒತ್ತಡಮಾಪಕ ಇಟ್ಟು 1999ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಮಲಗಿದಾಗ 0.1 ಮೆಗಾಪಾಸ್ಕಲ್, ನಿಂತಾಗ 0.5, 20 ಕೆ.ಜಿ.ಯನ್ನು ಬೆನ್ನು ಬಾಗಿಸಿ ಎತ್ತಿದಾಗ 2.3, ಮಂಡಿ ಮಡಚಿ ಎತ್ತಿದಾಗ 1.7, ಅದೇ ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1. ಮಂಡಿ ನೋಯುವವರಿಗೆ "ಮಂಡಿ ಮಡಚಿ ಎತ್ತಿ" ಎಂದರೆ ಆಗುವ ಮಾತಲ್ಲ. ಅವರಿಗೆ ಬೇಕಾದ ದಾರಿ ಕೊನೆಯ ಅಂಕಿಯಲ್ಲಿದೆ: ಬಕೆಟ್ಟನ್ನು ಮೊದಲು ಕಾಲಿನ ಹತ್ತಿರ ಎಳೆದುಕೊಳ್ಳುವುದು, ಪೃಷ್ಠ ಹಿಂದಕ್ಕೆ ತಳ್ಳಿ ಸೊಂಟದ ಕೀಲಿನಿಂದ ಬಾಗುವುದು, ಅರ್ಧ ತುಂಬಿಸುವುದು. ಎರಡು ದಿನ ಬಿಸಿ ಶಾಖ, ಮೂರನೇ ದಿನದಿಂದ ಓಡಾಟ. ಮತ್ತೊಂದು ಎಂಆರ್‌ಐ ಬೇಕೆಂದು ಮನೆಯವರು ಹಟ ಹಿಡಿದರು, ಜೋಮು, ಬಲಹೀನತೆ ಇಲ್ಲದ್ದರಿಂದ ತೆಗೆಸಲಿಲ್ಲ. ಹತ್ತನೇ ದಿನಕ್ಕೆ ಸರಿಹೋಯಿತು.

ಗೊರಕೆಯ ವಿಷಯ ತಡವಾಗಿ ತಿಳಿಯಿತು. ನಿದ್ದೆಯಲ್ಲಿ ಉಸಿರು ಕಟ್ಟುವುದೇ ಎಂದು ಮೊದಲ ದಿನವೇ ಕೇಳಬೇಕಿತ್ತು, ಏಕೆಂದರೆ ಕೆಟ್ಟ ನಿದ್ದೆ ನೋವನ್ನೂ ಹಸಿವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ.

ನಲವತ್ತೆಂಟನೇ ವಾರದ ಸ್ಥಿತಿ

ತೂಕ 77.9, ಅಂದರೆ 10.1 ಕೆ.ಜಿ. ಕಡಿಮೆ, ಮೊದಲಿದ್ದುದರ 11 ಪ್ರತಿಶತಕ್ಕೆ ತುಸು ಮೇಲೆ. ಹೊಟ್ಟೆ 97 ಸೆಂ.ಮೀ. ಕುರ್ಚಿ ಪರೀಕ್ಷೆಯಲ್ಲಿ 13. ನಡಿಗೆಯ ನೋವು 7ರಿಂದ 2. ರಕ್ತದೊತ್ತಡ 132/84. ಕೋಲು ಹತ್ತನೇ ವಾರದಲ್ಲೇ ಮೂಲೆ ಸೇರಿತ್ತು. ನಡಿಗೆ ಈಗ 45 ನಿಮಿಷ, ಒಂದೇ ಉಸಿರಿಗಲ್ಲ, ಎರಡು ಸರದಿಯಲ್ಲಿ.

ಎಕ್ಸ್‌ರೇ ಮತ್ತೆ ತೆಗೆಸಲಿಲ್ಲ. ತೆಗೆಸಿದ್ದರೂ ಅದೇ ಕಿರಿದಾದ ಅಂತರವೇ ಕಾಣುತ್ತಿತ್ತು, ಹೋದ ಮೃದ್ವಸ್ಥಿ ಮರಳಿ ಬರುವುದಿಲ್ಲ. ಮುಂದೆಂದಾದರೂ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಬೇಕಾದರೂ ಇಳಿದ ತೂಕ, ಗಟ್ಟಿಯಾದ ತೊಡೆ ಎರಡೂ ಅಲ್ಲಿ ನೆರವಿಗೆ ಬರುತ್ತವೆ. ಬಲ ಮಂಡಿ ನೆಟ್ಟಗಾಗಲು ಇನ್ನೂ 2 ಡಿಗ್ರಿ ಬಾಕಿ. ಸೊಂಟ ಅರ್ಧ ಗಂಟೆ ನಿಂತರೆ ಈಗಲೂ ಬಿಗಿಯುತ್ತದೆ. ಒಂದು ಕಾಲನ್ನು ಗೇಣೆತ್ತರದ ಮಣೆಯ ಮೇಲಿಟ್ಟು ಆಗಾಗ ಬದಲಿಸಿದರೆ ಇನ್ನೊಂದು ಹತ್ತು ನಿಮಿಷ ತಡೆಯುತ್ತದೆ. ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೆ ಒಂದೊಂದೇ ಪಾದ ಇಡುತ್ತಾರೆ. ಇಳಿಯುವಾಗ ಮಾತ್ರ ಕೈ ಇನ್ನೂ ಕಂಬಿಯ ಮೇಲೆ, ಬಲಗಾಲು ಮೊದಲು.